ಇಂದಿನ ಗೆಲುವಿಗೆ ನಾಳಿನ ಆಟಗಾರ?

ಮಾನ್ಯ ಸಂಪಾದಕರೇ,

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಜುಲೈ ಕೊನೆಯ ಆಟಗಾರರ ವಿನಿಮಯದ ಗಡುವು ಹತ್ತಿರವಾದಾಗಲೆಲ್ಲ, ಯುವ ಪ್ರತಿಭೆಗಳನ್ನು ಕೊಟ್ಟು ಅನುಭವಿಯನ್ನು ತರುವುದು ಮೂರ್ಖತನವೆಂಬ ವಾದ ಕೇಳಿಬರುತ್ತದೆ. ಇದನ್ನು ನಾನು ಪೂರ್ಣವಾಗಿ ಒಪ್ಪುವುದಿಲ್ಲ.

1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡವು ಅಟ್ಲಾಂಟಾದಿಂದ ಹಿರಿಯ ಪಿಚರ್ (ಚೆಂಡೆಸೆಯುವ ಆಟಗಾರ) ಡಾಯ್ಲ್ ಅಲೆಕ್ಸಾಂಡರ್ ಅವರನ್ನು ಪಡೆದು, ಆಗಿನ್ನೂ 20ರ ಹರೆಯದ ಜಾನ್ ಸ್ಮೋಲ್ಟ್ಜ್ ಅವರನ್ನು ಬಿಟ್ಟುಕೊಟ್ಟಿತು. ಅಲೆಕ್ಸಾಂಡರ್ ಒಂದೂ ಸೋಲಿಲ್ಲದೆ 9 ಪಂದ್ಯ ಗೆದ್ದು ತಂಡವನ್ನು ವಿಭಾಗದ ಅಗ್ರಸ್ಥಾನಕ್ಕೇರಿಸಿದರು. ಮುಂದೆ ಬೇಸ್‌ಬಾಲ್ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು ಮಾತ್ರ ಸ್ಮೋಲ್ಟ್ಜ್. ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದಲ್ಲೇ ಹುಟ್ಟಿದ ಹುಡುಗ ಕೈತಪ್ಪಿದ ನೋವು ಅಲ್ಲಿನವರಿಗೆ ಸಹಜವೇ.

ಆದರೆ 2016ರ ಜುಲೈನಲ್ಲಿ ಷಿಕಾಗೊ ಕಬ್ಸ್ ತಂಡವು ಯುವ ಆಟಗಾರ ಗ್ಲೇಬರ್ ಟೊರೆಸ್ ಸೇರಿದಂತೆ ನಾಲ್ವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು, ಋತು ಮುಗಿದೊಡನೆ ಒಪ್ಪಂದವೂ ಮುಗಿಯಲಿದ್ದ ಪಿಚರ್ ಅರೋಲ್ಡಿಸ್ ಚಾಪ್‌ಮನ್ ಅವರನ್ನು ತಂದಾಗ, ಆ ತಂಡ 1908ರಿಂದ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಆ ವರ್ಷದ ಅಂತಿಮ ಸರಣಿಯ ನಿರ್ಣಾಯಕ ಏಳನೇ ಪಂದ್ಯದಲ್ಲಿ ಚಾಪ್‌ಮನ್ ಮುನ್ನಡೆಯನ್ನು ಕೈಚೆಲ್ಲಿದರು ಎಂಬುದು ನಿಜ, ಆದರೂ ಪ್ರಶಸ್ತಿ ಬಂತು. ಟೊರೆಸ್ ನಂತರ ಯಾಂಕೀಸ್‌ಗೆ ಆಡುತ್ತ ಎರಡು ಬಾರಿ ಆಲ್-ಸ್ಟಾರ್ (ಲೀಗ್‌ನ ತಾರಾ ತಂಡಕ್ಕೆ ಆಯ್ಕೆ) ಆದರೆಂದು ಷಿಕಾಗೊದ ಅಭಿಮಾನಿಗಳು ಆ ಟ್ರೋಫಿಯನ್ನು ಹಿಂದಿರುಗಿಸಲು ಒಪ್ಪುವರೇ?

ಹಾಗಾಗಿ, ತಂಡವು ಆ ವರ್ಷವೇ ಗೆಲ್ಲುವ ಹಂತದಲ್ಲಿದೆಯೇ, ಬರುವ ಆಟಗಾರನ ಒಪ್ಪಂದ ಎಷ್ಟು ಕಾಲದ್ದು, ಬಿಟ್ಟುಕೊಡುವ ಯುವಕನ ಸ್ಥಾನಕ್ಕೆ ತಂಡದಲ್ಲಿ ಬೇರೊಬ್ಬರಿದ್ದಾರೆಯೇ ಎಂಬುದನ್ನು ನೋಡದೆ ವಿನಿಮಯವನ್ನು ಅಳೆಯಲಾಗದು. ಟೊರೆಸ್ ಆಡುತ್ತಿದ್ದ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ಕಬ್ಸ್‌ಗೆ ಆಗಲೇ ಆ್ಯಡಿಸನ್ ರಸೆಲ್ ಇದ್ದರು.

— ಓರ್ವ ಓದುಗ