ಹೊಸ ಮನೆ ವೈರಿಂಗ್‌ನಲ್ಲೇ ನೆಟ್ ಕೇಬಲ್‌ಗೂ ಪೈಪ್ ಹಾಕ್ಸಿ

ಮಾನ್ಯ ಸಂಪಾದಕರೇ,

ಮೂಡಿಗೆರೆ ಹತ್ರ ನಮ್ದು ಅಜ್ಜನ ಕಾಲದ ತೊಟ್ಟಿ ಮನೆ, ಗೋಡೆ ಎಲ್ಲ ಎರಡಡಿ ದಪ್ಪ ಮಣ್ಣಿಂದು, ಫೈಬರ್ ಕನೆಕ್ಷನ್ ಬಂತು ಅಂತ ಖುಷಿ ಪಟ್ರೆ ಜಗಲಿಲಿ ಮಾತ್ರ ಫುಲ್ ಸಿಗ್ನಲ್, ಅಡುಗೆಮನೇಲಿ ವಾಟ್ಸಾಪ್ ಫೋಟೋನೂ ಸುತ್ತುತ್ತಾ ಕೂರೋದು. ಮಗಳು ಆಫೀಸ್ ಮೀಟಿಂಗ್‌ಗೆ ಜಗಲಿ ಕಂಬಕ್ಕೆ ಒರಗಿ ಕೂತು, ಮಳೆ ಎರಚಲು ಬಂದಾಗೆಲ್ಲ ಲ್ಯಾಪ್‌ಟಾಪ್ ಮೇಲೆ ಟವೆಲ್ ಹೊದಿಸೋಳು, ನೋಡಿ ಹೊಟ್ಟೆ ಉರೀತಿತ್ತು. ಅಂಗಡಿಯವ್ರು ರಿಪೀಟರ್ ಕೊಟ್ರು, ಅದು ಬಂದ ಅರ್ಧ ಸಿಗ್ನಲನ್ನೇ ಹಿಡಿದು ಮತ್ತೆ ಗಾಳಿಲೇ ಬಿಡತ್ತೆ, ಸ್ಪೀಡ್ ಇನ್ನೂ ಇಳೀತು.

ಕೊನೆಗೆ ಅಟ್ಟದ ಮೇಲಿಂದ ಕ್ಯಾಟ್ 6 ಅನ್ನೋ ತಾಮ್ರದ ನೆಟ್ ಕೇಬಲ್ ಎಳೆದು ಮೂರು ಕಡೆ ಆಕ್ಸೆಸ್ ಪಾಯಿಂಟ್, ಅಂದ್ರೆ ಕೇಬಲ್‌ನಿಂದ ನೆಟ್ ತಗೊಂಡು ಅಲ್ಲೇ ವೈಫೈ ಕೊಡೋ ಡಬ್ಬಿ, ಹಾಕಿದ್ವಿ. ಒಂದು ಕೇಬಲ್ 100 ಮೀಟರ್ ತನಕ ಹೋಗತ್ತೆ. ಈ ಡಬ್ಬಿ ಬದಲು ಹಳೇ ರೌಟರ್ ಇದ್ರೂ ಆಗತ್ತೆ, ಅದರ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) ಮೇನ್ ರೌಟರ್‌ದಕ್ಕಿಂತ ಬೇರೆ ಮಾಡಿ, ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗೆಲ್ಲ ಈ ನಂಬರ್ ಹಂಚೋ ಸೆಟಿಂಗ್) ಆಫ್ ಮಾಡಿ, ಕೇಬಲನ್ನ ಹೊರಗಿನ ನೆಟ್ ಬರೋ ವ್ಯಾನ್ ಪೋರ್ಟ್‌ಗಲ್ಲ, ಮನೆಯೊಳಗಿನ ಲ್ಯಾನ್ ಪೋರ್ಟ್‌ಗೆ ಚುಚ್ಚಬೇಕು, ನಾವು ಇಲ್ಲೇ ಎರಡು ದಿನ ಒದ್ದಾಡಿದ್ದು. ವೈಫೈ ಹೆಸರು, ಪಾಸ್‌ವರ್ಡ್ ಎಲ್ಲದಕ್ಕೂ ಒಂದೇ ಇರ್ಲಿ, 2.4 ಗಿಗಾಹರ್ಟ್ಸ್ ವೈಫೈ ಬ್ಯಾಂಡ್‌ನಲ್ಲಿ ಚಾನೆಲ್ ಮಾತ್ರ ಒಂದಕ್ಕೊಂದು ಅಡ್ಡ ಬರದ ಹಾಗೆ 1, 6, 11 ಅಂತ ಬೇರೆ ಬೇರೆ ಇಡಿ.

ಒಂದು ಮಾತು, ಕಣದ ಗೋಡೌನ್‌ಗೋ ತೋಟದ ಕೆಲಸದೋರ ಲೈನ್ ಮನೆಗೋ ಹೊರಗಡೆ ತಾಮ್ರದ ಕೇಬಲ್ ಎಳೀಬೇಡಿ. ನಮ್ಮ ಕಡೆ ಸಿಡಿಲು ಗೊತ್ತಲ್ಲ, ಎರಡೂ ಕಡೆ ಡಬ್ಬಿ ಸುಟ್ಟು ಹೋಗ್ಬಹುದು, ಅಲ್ಲಿಗೆ ಫೈಬರೇ ಸರಿ.

ಹಾಸನ, ಚಿಕ್ಕಮಗಳೂರಲ್ಲಿ ಈಗ ಮನೆ ಕಟ್ಟಿಸ್ತಿರೋರು ರೂಮಿಗೊಂದು ಖಾಲಿ ಪೈಪ್ ಬಿಡ್ಸಿ, ಎಲೆಕ್ಟ್ರಿಷಿಯನ್‌ಗಳೂ ತಾವಾಗೇ ಇದನ್ನ ಹೇಳ್ಬೇಕು ಅಂತ ನನ್ನ ಕೋರಿಕೆ.

– ಓದುಗ, ಮೂಡಿಗೆರೆ ತಾಲ್ಲೂಕು