"ಪೂರ್ತಿ ವಾಸಿಯಾದ ಮೇಲೆ ಬಾ" ಎನ್ನಬೇಡ

ಚಿರಂಜೀವಿ ಮಗನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕೈಕೆಳಗಿನ ಹುಡುಗ ಸೊಂಟ ಹಿಡಿದು ಮೂರು ವಾರದಿಂದ ರಜೆಯಲ್ಲಿದ್ದಾನೆ, ವಿಶ್ರಾಂತಿಗೆ ಅಡ್ಡಿಯಾಗಬಾರದೆಂದು ಫೋನ್ ಕೂಡ ಮಾಡಿಲ್ಲ ಎಂದು ಬರೆದಿದ್ದೀಯೆ. ಇದೇ ತಪ್ಪನ್ನು ನಾನೂ ಮಾಡಿದವನು. ಉಗ್ರಾಣದ ಮೇಲ್ವಿಚಾರಕನಾಗಿದ್ದಾಗ ಒಬ್ಬನಿಗೆ, "ಪೂರ್ತಿ ವಾಸಿಯಾದ ಮೇಲೆಯೇ ಬಾರಪ್ಪ" ಎಂದುಬಿಟ್ಟೆ. ದೊಡ್ಡ ಮನಸ್ಸು ಮಾಡಿದೆನೆಂದು ಬೀಗಿದ್ದೆ. ಅವನಿಗೆ ಕೇಳಿಸಿದ್ದು, "ನೀನಿಲ್ಲದೆಯೂ ನಡೆಯುತ್ತದೆ" ಎಂದು. ನಾಲ್ಕು ತಿಂಗಳ ನಂತರ ಬಂದ. ಕೆಳಗೆ ಬಿದ್ದ ಪೆನ್ನು ಎತ್ತಲು ಮೇಜಿನ ಅಂಚು ಹಿಡಿದು, ಉಸಿರು ಬಿಗಿಹಿಡಿದು, ಮಂಡಿಯೂರಿ ಇಳಿದ. ನೋವು ತಗ್ಗಿತ್ತು, ಹೆದರಿಕೆ ಅವನನ್ನು ಬಗ್ಗಲು ಬಿಡುತ್ತಿರಲಿಲ್ಲ.

ಸಾಮಾನ್ಯ ಸೊಂಟನೋವು ಬಹುಪಾಲು ಮಂದಿಗೆ 6 ವಾರಗಳೊಳಗೆ ಸಾಕಷ್ಟು ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಓಡಾಡಿಕೊಂಡಿರುವುದೇ ಮೇಲು. ಅಲ್ಪಸ್ವಲ್ಪ ನೋವಿರುವಾಗಲೇ ಕೆಲಸಕ್ಕೆ ಮರಳಬಹುದು. ಸ್ಕ್ಯಾನಿಂಗ್‌ನಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿದೆ ಎಂದು ಬಂದ ಮಾತ್ರಕ್ಕೆ ಗಾಬರಿ ಬೇಡ, ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ. ಆದರೆ ಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಮರಗಟ್ಟುವುದು, ಇವುಗಳಲ್ಲಿ ಒಂದಿದ್ದರೂ ಕೆಲಸದ ಮಾತೇ ಎತ್ತಬೇಡ. ತಕ್ಷಣ ಆಸ್ಪತ್ರೆಗೆ ಹೋಗಲಿ.

ನಾಳೆಯೇ ಫೋನ್ ಮಾಡು. "ಯಾವಾಗ ಬರುತ್ತೀಯ?" ಎಂದು ಶುರು ಮಾಡಬೇಡ. ಹೇಗಿದ್ದಾನೆ, ಏನು ಮಾಡಲು ಆಗುತ್ತಿದೆ, ಯಾವುದು ಕಷ್ಟ ಎಂದು ಕೇಳು. ವೈದ್ಯರ ಚೀಟಿಯಲ್ಲಿ 'ಹಗುರ ಕೆಲಸ' ಎಂದಷ್ಟೇ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ತೂಕ ಎತ್ತಬಹುದು, ಎಷ್ಟು ಹೊತ್ತು ಕೂರಬಹುದು ಎಂದು ಬರೆಸಿಕೊಂಡು ಬರಲಿ. ಮೊದಲ ವಾರ ಅರ್ಧ ದಿನ ಸಾಕು. ನೆಲದ ಮೇಲಿನ ಪೆಟ್ಟಿಗೆಗಳನ್ನು ಸೊಂಟದೆತ್ತರದ ಹಲಗೆಗೆ ಏರಿಸಿಡಿಸು. ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಲು ಬಿಡು. ವಾರವಾರ ಕೆಲಸ ಹೆಚ್ಚಿಸುತ್ತಾ ಹೋಗು, ಯಾವ ತಾರೀಕಿನ ಹೊತ್ತಿಗೆ ಹಳೆಯ ಕೆಲಸ ಎಂಬುದನ್ನೂ ಇಬ್ಬರೂ ಕೂತು ಬರೆದಿಡಿ. ಇಲ್ಲದಿದ್ದರೆ ಹಗುರ ಕೆಲಸವೇ ಕಾಯಂ ಆಗಿಬಿಡುತ್ತದೆ. ನಡುವೆ ಒಂದು ದಿನ ನೋವು ಮರುಕಳಿಸಿದರೆ ಮನೆಗೆ ಅಟ್ಟಬೇಡ, ಕೆಲಸ ತಗ್ಗಿಸು.

ಇನ್ನು ಉಳಿದವರ ಬಾಯಿ. ಕೈ ಮುರಿದರೆ ಕಟ್ಟು ಕಾಣುತ್ತದೆ, ಬೆನ್ನುನೋವು ಕಾಣುವುದಿಲ್ಲ. "ಎಲ್ಲಾ ನಾಟಕ" ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಬದಿಗೆ ಕರೆದು ನೀನೇ ಮಾತನಾಡು. ಹುಡುಗನ ಪಾಲಿನ ಭಾರವನ್ನು ಒಬ್ಬನ ತಲೆಗೇ ಕಟ್ಟಬೇಡ, ಗೊಣಗಾಟ ಹುಟ್ಟುವುದು ಅಲ್ಲಿಂದಲೇ.

ಫೋನಿನಲ್ಲಿ ಅವನು ಏನೆಂದನೆಂದು ಬರೆ.

ಇತಿ,
ನಿನ್ನ ದೊಡ್ಡಪ್ಪ