ಎಡತೋಳಿನ ಆ ಗೆರೆಗೂ ನಿಮಗೆಲ್ಲರಿಗೂ ಥ್ಯಾಂಕ್ಸ್

ನಿನ್ನೆ ಸಂಜೆ ಕೌದಿಯ ಕೊನೆಯ ಮೂಲೆ ಹೊಲಿದು ಮುಗಿಸಿದೆ. ದಾರ ಕತ್ತರಿಸಿ, ಕೌದಿಯನ್ನು ತೊಡೆ ಮೇಲೆ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಶರತ್ಕಾಲ ಶುರುವಾಗುವ ಹೊತ್ತಿಗೆ ಇದು ಮುಗಿದಿರುತ್ತದೆ ಅಂತ ಫೆಬ್ರವರಿಯಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಗ ನನಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಒಬ್ಬೊಬ್ಬರಿಗೂ ಆಗಲೇ ಬೇರೆ ಬೇರೆಯಾಗಿ ಥ್ಯಾಂಕ್ಸ್ ಹೇಳಿದ್ದೇನೆ, ಆದರೂ ಎಲ್ಲರ ಎದುರಿಗೆ ಒಂದು ಸಲ ಹೇಳದೆ ಸಮಾಧಾನ ಇಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು.

ನಡೆದದ್ದು ಇಷ್ಟು. ಕಳೆದ ಚಳಿಗಾಲದಲ್ಲಿ ಎರಡು ಕೆಲಸ ಒಟ್ಟಿಗೆ ಹಿಡಿದಿದ್ದೆ. ಕಾಲೇಜಿಗೆಂದು ಮನೆ ಬಿಟ್ಟು ಹೋಗಲಿದ್ದ ಮಗಳಿಗೆ ಒಂದು ಕೌದಿ, ಯಾವಾಗ ಕೇಳಿದರೂ ಚಳಿ ಅನ್ನುವ ಅಪ್ಪನಿಗೆ ಒಂದು ಕಾರ್ಡಿಗನ್. ಕೌದಿಗೆ 12 ಇಂಚಿನ 30 ಬ್ಲಾಕು, ಅಂದರೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಚೌಕಗಳು, ಅಡ್ಡಕ್ಕೆ 5, ಉದ್ದಕ್ಕೆ 6. ಹಗಲು ಹೊತ್ತು ರೋಟರಿ ಕಟರ್ (ಚಕ್ರದ ಹಾಗೆ ಉರುಳುವ ಬ್ಲೇಡು) ಒತ್ತಿ ಒತ್ತಿ ಬಟ್ಟೆ ಕತ್ತರಿಸುವುದು, ರಾತ್ರಿ ಕಡ್ಡಿ ಹಿಡಿದು ಹೆಣೆಯುವುದು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ, ಸಣ್ಣಗೆ ನೋವು ಶುರುವಾಯಿತು. ಇನ್ನೊಂದು ಸಾಲು, ಇದೊಂದೇ ಸಾಲು ಅಂತ ಎರಡು ತಿಂಗಳು ತಳ್ಳಿದೆ. ನಿಮ್ಮಲ್ಲಿ ಹೆಣೆಯುವವರಿಗೆ ಈ 'ಇದೊಂದೇ ಸಾಲು' ಚೆನ್ನಾಗಿ ಗೊತ್ತು, ಅಲ್ವಾ? ಒಂದು ದಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋದೆ, ಕೈಯಿಂದ ಬಾಟಲಿಯೇ ಜಾರಿ ಬಿತ್ತು.

ಡಾಕ್ಟರು ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಹಿಡಿಯಲು ಹೇಳಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿದರು. ನಾನು ಕೂಗಿಯೇ ಬಿಟ್ಟೆ. ಇದಕ್ಕೆ ಡಿ ಕರ್ವೆನ್ ಅಂತ ಹೆಸರು. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್ ಫ್ರಿಟ್ಸ್ ಡಿ ಕರ್ವೆನ್ ಅವರಿಂದ ಬಂದ ಹೆಸರು. ಹೆಬ್ಬೆರಳನ್ನು ಎಳೆಯುವ ಎರಡು ಟೆಂಡನ್‌ಗಳು, ಅಂದರೆ ಹಗ್ಗದಂಥ ಸ್ನಾಯುರಜ್ಜುಗಳು, ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತವೆ. ಆ ಕೊಳವೆ ದಪ್ಪಗಾಗಿ ಜಾಗ ಸಾಲದೆ ಹೋಗುತ್ತದೆ. ಲಾಡಿ ಪೋಣಿಸುವ ಮಡಿಕೆಯನ್ನು ತೀರಾ ಬಿಗಿಯಾಗಿ ಹೊಲಿದರೆ ಲಾಡಿ ಎಳೆಯಲು ಬಾರದಲ್ಲ, ಹಾಗೆ. ಎಳೆ ಮಗುವನ್ನು ದಿನಕ್ಕೆ ಹತ್ತಾರು ಸಲ ಎತ್ತುವ ತಾಯಂದಿರಿಗೂ ಇದು ಬರುತ್ತದಂತೆ. ಆರು ವಾರ ಹೆಬ್ಬೆರಳು ಅಲುಗದ ಹಾಗೆ ಸ್ಪ್ಲಿಂಟ್ ಹಾಕಿದರು. ಸೂಜಿ ಇಲ್ಲ, ಕಡ್ಡಿ ಇಲ್ಲ, ಕತ್ತರಿಯೂ ಇಲ್ಲ. ಆ ಆರು ವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈ ಖಾಲಿ ಇದ್ದರೆ ಸಂಜೆಗಳು ಎಷ್ಟು ಉದ್ದ ಅನ್ನುವುದು ಆಗ ಗೊತ್ತಾಯಿತು.

ಮೊದಲ ಥ್ಯಾಂಕ್ಸ್ ನನ್ನ ಫಿಸಿಯೋಥೆರಪಿಸ್ಟ್ ಅವರಿಗೆ. ಹೆಣಿಗೆ ಬಿಟ್ಟುಬಿಡಿ, ಬೇರೆ ಏನಾದರೂ ಹವ್ಯಾಸ ಹುಡುಕಿಕೊಳ್ಳಿ ಅನ್ನುತ್ತಾರೆ ಅಂತ ಹೆದರಿಕೊಂಡೇ ಹೋಗಿದ್ದೆ. ಅವರು ಹೇಳಿದ್ದು, "ಮುಂದಿನ ಸಲ ಕಡ್ಡಿ, ಉಲ್ಲನ್ ತನ್ನಿ. ಹೇಗೆ ಹಿಡಿಯುತ್ತೀರಿ ನೋಡೋಣ." ತೆಗೆದುಕೊಂಡು ಹೋದೆ. ಅವರಿಗೆ ಹೆಣಿಗೆ ಬರುವುದಿಲ್ಲ, ಆದರೂ ಹದಿನೈದು ನಿಮಿಷ ನನ್ನ ಕೈಯನ್ನೇ ನೋಡುತ್ತಾ ಕೂತರು. ನಾನು ನೂಲನ್ನು ಬಲಗೈಯಲ್ಲಿ ಹಿಡಿದು ಪ್ರತಿ ಕುಣಿಕೆಗೂ ಕಡ್ಡಿಗೆ ಸುತ್ತು ಹಾಕುವವಳು. ಪ್ರತಿ ಸುತ್ತಿಗೂ ಮಣಿಕಟ್ಟು ತಿರುಗುತ್ತದೆ, ಹೆಬ್ಬೆರಳು ಕಡ್ಡಿಯನ್ನು ಹಿಸುಕಿ ಹಿಡಿಯುತ್ತದೆ. ನೂಲನ್ನು ಎಡಗೈಯ ತೋರುಬೆರಳ ಮೇಲೆ ಇಟ್ಟುಕೊಂಡು, ಕಡ್ಡಿಯ ತುದಿಯಿಂದ ಅದನ್ನು ಹೆಕ್ಕಿಕೊಳ್ಳುವ ಇನ್ನೊಂದು ರೀತಿ ಇದೆ. ಅದರಲ್ಲಿ ಬಲಗೈಗೆ ಕೆಲಸ ಕಡಿಮೆ. ಅಷ್ಟು ವರ್ಷದ ಅಭ್ಯಾಸ ಬಿಟ್ಟು ಮತ್ತೆ ಮೊದಲಿನಿಂದ ಕಲಿತೆ. ಭಾರದ ಉದ್ದ ಕಡ್ಡಿಗಳನ್ನು ಎತ್ತಿಟ್ಟು ಮರದ ಸರ್ಕ್ಯುಲರ್ ಕಡ್ಡಿ, ಅಂದರೆ ನಡುವೆ ಬಾಗುವ ತಂತಿ ಇರುವ ಎರಡು ಗಿಡ್ಡ ಕಡ್ಡಿ, ತೆಗೆದುಕೊಂಡೆ. ಅದರಲ್ಲಿ ಹೆಣೆದ ಬಟ್ಟೆಯ ಭಾರ ತೊಡೆಯ ಮೇಲೆ ಕೂರುತ್ತದೆ, ಮಣಿಕಟ್ಟಿನ ಮೇಲೆ ಅಲ್ಲ. ಒಂದು ಸಲಕ್ಕೆ 20 ನಿಮಿಷ ಮಾತ್ರ, ಅಲಾರಂ ಇಟ್ಟುಕೊಂಡು. ಸಾಲಿನ ನಡುವೆ ಇದ್ದರೂ ಸರಿ, ಅಲಾರಂ ಹೊಡೆದರೆ ಕೆಳಗಿಡಬೇಕು. ಇದೇ ತುಂಬಾ ಕಷ್ಟ ಆದದ್ದು. ಆದರೆ ಬಿಡಿ ಅನ್ನುವ ಬದಲು ಹೀಗೆ ಮಾಡಿ ಅಂದರಲ್ಲ, ಅದನ್ನು ನಾನು ಮರೆಯುವುದಿಲ್ಲ.

ಎರಡನೆಯದು ನಮ್ಮ ಶನಿವಾರದ ಗುಂಪಿಗೆ. ಇದನ್ನು ಬರೆಯಲು ಕೂತರೆ ಗಂಟಲು ಕಟ್ಟುತ್ತದೆ.

30 ಬ್ಲಾಕಿನಲ್ಲಿ ನಾನು ಮುಗಿಸಿದ್ದು 11. ಉಳಿದ 19ಕ್ಕೆ ಬಟ್ಟೆ ಕತ್ತರಿಸಿ, ಬಣ್ಣ ಜೋಡಿಸಿ, ಒಂದೊಂದನ್ನೂ ಒಂದೊಂದು ಚೀಲದಲ್ಲಿ ಇಟ್ಟಿದ್ದೆ. ಸ್ಪ್ಲಿಂಟ್ ಹಾಕಿದ ಮೊದಲ ಶನಿವಾರ ನೀವು ಮನೆಗೆ ಬಂದಿರಿ. ಸಮಾಧಾನದ ಮಾತು ಏನೂ ಆಡಲಿಲ್ಲ. ಹಿರಿಯಕ್ಕ ಆ ಚೀಲಗಳನ್ನು ಮೇಜಿನ ಮೇಲೆ ಸುರಿದು, "ಯಾರಿಗೆ ಎಷ್ಟು?" ಅಂದರು, ಅಷ್ಟೇ. ಹೋಗುವಾಗ ಒಂದು ಚೀಲವೂ ಉಳಿದಿರಲಿಲ್ಲ. ಅಂಚಿಗೆ ಎಷ್ಟು ಬಟ್ಟೆ ಬಿಡಲಿ, ಹೊಲಿಗೆಯ ಒಳಬಟ್ಟೆಯನ್ನು ಯಾವ ಕಡೆಗೆ ಮಡಿಸಿ ಇಸ್ತ್ರಿ ಮಾಡಲಿ, ದಾರ ಯಾವುದು ಅಂತ ಎಲ್ಲರೂ ಕೇಳಿದಿರಿ. ನನ್ನ ಕೌದಿ ನನ್ನದಾಗಿಯೇ ಉಳಿಯಲಿ ಅಂತ ನೀವು ಪಟ್ಟ ಜತನ ಅದು.

ಬ್ಲಾಕುಗಳು ವಾಪಸ್ ಬಂದವು. ಜೋಡಿಸುವ ಮೊದಲು ಒಂದೊಂದೂ ಹನ್ನೆರಡೂವರೆ ಇಂಚು ಇರಬೇಕು, ಎರಡೂ ಬದಿಯ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಕಾಲು ಇಂಚು ಅಂಚು ಬಿಟ್ಟು ಹೊಲಿಯಿರಿ ಅಂದಿದ್ದೆ, ಎಲ್ಲರೂ ಹಾಗೇ ಹೊಲಿದಿದ್ದಾರೆ. ಆದರೆ ನನ್ನ ಕಾಲು ಇಂಚು ಎಳೆಯಷ್ಟು ಕಡಿಮೆ, ಇನ್ನೊಬ್ಬರದು ಎಳೆಯಷ್ಟು ಜಾಸ್ತಿ. ಒಂದು ಬ್ಲಾಕಿನಲ್ಲಿ ನಾಲ್ಕು ತುಂಡು ಅಡ್ಡ ಬಂದರೆ ಮೂರು ಹೊಲಿಗೆ, ಪ್ರತಿ ಹೊಲಿಗೆಗೂ ಎರಡು ಅಂಚು, ಎಳೆ ಎಳೆ ಸೇರಿ ಕೊನೆಗೆ ಒಂದು ಬ್ಲಾಕು ಇನ್ನೊಂದಕ್ಕಿಂತ ಹತ್ತಿರ ಹತ್ತಿರ ಕಾಲು ಇಂಚು ಚಿಕ್ಕದು. ದೊಡ್ಡದನ್ನು ಕತ್ತರಿಸಿ ಸರಿ ಮಾಡೋಣ ಅಂದರೆ ತ್ರಿಕೋನಗಳ ತುದಿ ಹಾರಿ ಹೋಗುತ್ತದೆ. ಹಿರಿಯಕ್ಕ ಒಂದನ್ನೂ ಕತ್ತರಿಸಲು ಬಿಡಲಿಲ್ಲ. ಎರಡು ಬ್ಲಾಕಿನ ಎರಡು ತುದಿ ಮತ್ತು ನಡುವನ್ನು ಪಿನ್ ಮಾಡಿ, ದೊಡ್ಡದು ಕೆಳಗೆ ಬರುವ ಹಾಗೆ ಮಿಷನ್ನಿಗೆ ಕೊಟ್ಟರು. ಮಿಷನ್ನಿನ ಕೆಳಗಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತವೆ, ಆ ಸಡಿಲವೆಲ್ಲ ನೆರಿಗೆ ಬೀಳದೆ ಒಳಗೇ ಅಡಗುತ್ತದೆ. ನಾನು ಪಕ್ಕದಲ್ಲಿ ಕೂತು ನೋಡಿದೆ. ಇಷ್ಟು ವರ್ಷ ಹೊಲಿದರೂ ನನಗೆ ಗೊತ್ತಿರದ ವಿಷಯ ಅದು. ಆಮೇಲೆ ನೀವೇ ನೆಲದ ಮೇಲೆ ಅಡಿಬಟ್ಟೆ, ಹತ್ತಿ, ಮೇಲಿನ ಬಟ್ಟೆ ಅಂತ ಮೂರು ಪದರ ಹರಡಿ, ಮಂಡಿಯೂರಿ ಕಚ್ಚಾ ಹೊಲಿಗೆ ಹಾಕಿದಿರಿ. ಉದ್ದುದ್ದ ಗೆರೆಗಳನ್ನು ಹಿರಿಯಕ್ಕ ಮಿಷನ್ನಿನಲ್ಲಿ ಹಾಕಿಕೊಟ್ಟರು. ನಡುವಿನ ಆರು ಬ್ಲಾಕಿನ ಕೈಹೊಲಿಗೆ ಮಾತ್ರ ನನಗೆ ಉಳಿಸಿದಿರಿ. ಮುಟ್ಟದೆ ಬಿಟ್ಟ ಆ ಆರು ಬ್ಲಾಕಿಗೆ, ಮುಟ್ಟಿದ ಉಳಿದೆಲ್ಲದಕ್ಕಿಂತ ದೊಡ್ಡ ನಮಸ್ಕಾರ.

ಇನ್ನು ಎಡತೋಳಿನ ವಿಷಯ. ಅಪ್ಪನ ಕಾರ್ಡಿಗನ್ನಿನ ಎಡತೋಳು ಅರ್ಧಕ್ಕೆ ನಿಂತಿತ್ತು. ಗುಂಪಿನ ನನ್ನ ಗೆಳತಿ ತಾನು ಮುಗಿಸುತ್ತೇನೆ ಅಂದಳು. ನನಗೆ ಒಳಗೇ ಅಳುಕು. ಒಬ್ಬರ ಕೈ ಇನ್ನೊಬ್ಬರ ಕೈಯ ಹಾಗೆ ಇರುವುದಿಲ್ಲ. ಅದೇ ಉಲ್ಲನ್, ಅದೇ 4 ಮಿಲಿಮೀಟರ್ ಕಡ್ಡಿಯಲ್ಲಿ ನನಗೆ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ ಅವಳಿಗೆ 24. ಎರಡೇ ತಾನೇ ಅನ್ನಿಸುತ್ತದೆ. ಆದರೆ 60 ಕುಣಿಕೆಯ ತೋಳಿನ ಸುತ್ತಳತೆ ನನ್ನ ಕೈಯಲ್ಲಿ 27 ಸೆಂಟಿಮೀಟರ್ ದಾಟುತ್ತದೆ, ಅವಳ ಕೈಯಲ್ಲಿ 25ಕ್ಕೇ ನಿಲ್ಲುತ್ತದೆ. ಅವಳು ಇದನ್ನೆಲ್ಲ ನನಗಿಂತ ಮೊದಲೇ ಯೋಚಿಸಿದ್ದಳು. ನನ್ನ ಹಳೆಯ ಮಾದರಿ ತುಂಡು ಕೇಳಿ ತೆಗೆದುಕೊಂಡಳು. ನಾಲ್ಕೂವರೆ ಮಿಲಿಮೀಟರ್ ಕಡ್ಡಿಯಲ್ಲಿ ತನ್ನದೊಂದು ತುಂಡು ಹೆಣೆದು, ತೊಳೆದು, ಒಣಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿ, 22 ಬಂದ ಮೇಲೇ ತೋಳಿಗೆ ಕೈ ಹಾಕಿದಳು. ತನ್ನದಲ್ಲದ ಒಂದು ತೋಳಿಗೆ ಇಷ್ಟು.

ಅಷ್ಟಾದರೂ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಒಂದು ಗೆರೆ ಕಾಣುತ್ತದೆ. ಅಳತೆ ಒಂದೇ, ಆದರೆ ಕುಣಿಕೆಯ ಮುಖ ಬೇರೆ. ನನ್ನದು ಸ್ವಲ್ಪ ವಾಲುತ್ತದೆ, ಅವಳದು ನೆಟ್ಟಗೆ ನಿಲ್ಲುತ್ತದೆ. ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಹರಡಿ ಪಿನ್ ಹಾಕಿ ಒಣಗಿಸಿದ ಮೇಲೆ ಗೆರೆ ಮಸುಕಾಯಿತು, ಹೋಗಲಿಲ್ಲ. "ಬಿಚ್ಚಿ ನೀನೇ ಹೆಣಿ, ನನಗೆ ಬೇಜಾರಿಲ್ಲ" ಅಂದಳು. ನಾನು ಬಿಚ್ಚಲಿಲ್ಲ, ಬಿಚ್ಚುವುದೂ ಇಲ್ಲ. ಅಪ್ಪ ಹಾಕಿಕೊಂಡ ದಿನ ಆ ಗೆರೆಯ ಮೇಲೆ ಬೆರಳಾಡಿಸಿ, "ಇಲ್ಲಿಂದ ಬೇರೆ ಕೈ ಅಲ್ವಾ?" ಅಂತ ಕೇಳಿದರು. ಹೌದು ಅಂದೆ. "ಆ ಹುಡುಗಿಗೆ ನನ್ನ ನಮಸ್ಕಾರ ಹೇಳು" ಅಂದರು. ಅಪ್ಪನ ನಮಸ್ಕಾರವನ್ನು ಇಲ್ಲೇ ತಲುಪಿಸುತ್ತಿದ್ದೇನೆ, ತೆಗೆದುಕೋ.

ಮನೆಯವರಿಗೂ ಹೇಳಬೇಕು. ನಮ್ಮವರು ಇಸ್ತ್ರಿ ಕೆಲಸ ವಹಿಸಿಕೊಂಡರು. ಶರ್ಟಿಗೆ ಉಜ್ಜಿದ ಹಾಗೆ ಬ್ಲಾಕಿಗೆ ಉಜ್ಜಬಾರದು, ಓರೆಯಾಗಿ ಕತ್ತರಿಸಿದ ಅಂಚು ಎಳೆದುಕೊಂಡು ಸೊಟ್ಟಗಾಗುತ್ತದೆ, ಇಟ್ಟು ಒತ್ತಿ ಎತ್ತಬೇಕು ಅಂತ ಒಂದು ಸಲ ಹೇಳಿದ್ದೆ. ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ. ಮಗಳು ದಿನಾ ಬೆಳಗ್ಗೆ ಹೊರಡುವ ಮೊದಲು ಐದು ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ಪಿನ್ ಕುಶನ್ನಿನಲ್ಲಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಯ ದಿನವೂ ಐದು ಸೂಜಿ ಇದ್ದವು. ಒಂದು ದಿನ ಕೆನೆಬಣ್ಣದ ದಾರ ಮುಗಿದಿತ್ತು, ತಿಳಿ ಬೂದು ಬಣ್ಣದ್ದು ಪೋಣಿಸಿಟ್ಟಿದ್ದಳು. ಸಂಜೆ ದೀಪದ ಬೆಳಕಿನಲ್ಲಿ ನನಗೆ ಗೊತ್ತಾಗಲಿಲ್ಲ, ಹೊಲಿದುಬಿಟ್ಟೆ. ಈಗ ನಾಲ್ಕನೇ ಸಾಲಿನ ಒಂದು ಬ್ಲಾಕಿನಲ್ಲಿ ಒಂದು ಬೂದು ಗೆರೆ ಇದೆ. ಅದೂ ಇರಲಿ.

ಈ ಕಾಲದ ಬೆಳಕಿಗೂ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಬೈಂಡಿಂಗ್, ಅಂದರೆ ಕೌದಿಯ ಸುತ್ತ ಅಂಚುಪಟ್ಟಿ ಹೊಲಿಯುವುದು, ಮುಗಿದದ್ದು ಅದರ ಜೊತೆಯಲ್ಲೇ. ಕೌದಿಯ ಸುತ್ತಳತೆ 264 ಇಂಚು. ದಿನಕ್ಕೆ 20 ನಿಮಿಷಕ್ಕೆ ನನ್ನ ಕೈ ಹೊಲಿದದ್ದು 14 ಇಂಚು. ಹತ್ತೊಂಬತ್ತು ದಿನ ಹಿಡಿಯಿತು. ಬೇಸಿಗೆಯಲ್ಲಾಗಿದ್ದರೆ ಮೂರು ಪದರದ ಹತ್ತಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂರಲು ಆಗುತ್ತಿರಲಿಲ್ಲ. ಈಗ ಬೆಳಗ್ಗೆ ಕಿಟಕಿ ಪಕ್ಕ ಸಣ್ಣ ಚಳಿ ಇರುತ್ತದೆ, ಕಾಲು ಬೆಚ್ಚಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸರಿಸಿಡಬೇಕು ಅನ್ನಿಸುತ್ತದೆ. ಬಿಸಿಲು ಓರೆಯಾಗಿ ಬರುತ್ತದೆ. ಹಾಗೆ ಬಂದಾಗ ಪ್ರತಿ ಟಾಕಿನ ಪಕ್ಕ ಒಂದು ಸಣ್ಣ ನೆರಳು ಬೀಳುತ್ತದೆ, ಯಾವ ಬ್ಲಾಕು ಯಾರದು ಅಂತ ಗುರುತು ಹಿಡಿಯಬಹುದು. ಹಿಡಿದೆ, ಒಂದೊಂದನ್ನೂ. ಇನ್ನೊಂದು ವಾರಕ್ಕೆ ಹಗಲು ರಾತ್ರಿ ಸಮ ಆಗುತ್ತದೆ, ಆಮೇಲೆ ಸಂಜೆಯ ಬೆಳಕು ದಿನದಿನಕ್ಕೂ ಬೇಗ ಹೋಗುತ್ತದೆ. ಬೆಳಕಿರುವಾಗಲೇ ಮುಗಿಯಿತು.

ನಾಳೆ ಕೌದಿ ಮೊದಲ ಸಲ ನೀರಿಗೆ ಬೀಳುತ್ತದೆ. ಒಳಗಿನ ಹತ್ತಿ ಸ್ವಲ್ಪ ಕುಗ್ಗಿ, ಮೇಲಿನ ಬಟ್ಟೆ ಟಾಕುಗಳ ನಡುವೆ ಉಬ್ಬಿ, ಹಳೆಯ ಕೌದಿಯ ಹಾಗೆ ಸುಕ್ಕುಸುಕ್ಕಾಗುತ್ತದೆ. ಆ ಸುಕ್ಕು ನನಗೆ ತುಂಬಾ ಇಷ್ಟ. ಒಣಗಿದ ಮೇಲೆ ಮಗಳ ಪೆಟ್ಟಿಗೆಗೆ. ಹಿಂಭಾಗದ ಮೂಲೆಯಲ್ಲಿ ಒಂದು ತುಂಡು ಬಿಳಿ ಬಟ್ಟೆ ಹೊಲಿದಿದ್ದೇನೆ, ಅದರ ಮೇಲೆ ನಿಮ್ಮೆಲ್ಲರ ಹೆಸರು ಇದೆ, ಯಾರು ಎಷ್ಟು ಬ್ಲಾಕು ಅನ್ನುವುದೂ.

ಕಡ್ಡಿಯ ಮೇಲೆ ಈಗ ಒಂದು ಕಾಲುಚೀಲ ಇದೆ. 64 ಕುಣಿಕೆ, ತೆಳು ನೂಲು, ಹಿಮ್ಮಡಿಯವರೆಗೆ ಬಂದಿದೆ. ಎಡಗೈಯಲ್ಲಿ ನೂಲು ಹಿಡಿದೇ ಹೆಣೆಯುತ್ತಿದ್ದೇನೆ. ಕುಣಿಕೆಗಳು ಮೊದಲಿನಷ್ಟು ಸಮ ಬರುತ್ತಿಲ್ಲ, ಆದರೆ ನೋವಿಲ್ಲ.

ಈ ಶನಿವಾರ ಬರುವಾಗ ಖಾಲಿ ಚೀಲ ತನ್ನಿ. ನಿಮ್ಮ ಪಿನ್ ಡಬ್ಬಿಗಳು, ಎರಡು ಕತ್ತರಿ, ಯಾರದೋ ಒಂದು ಥಿಂಬಲ್ (ಹೊಲಿಯುವಾಗ ಬೆರಳಿಗೆ ಹಾಕುವ ಟೊಪ್ಪಿ) ಇನ್ನೂ ನನ್ನ ಹತ್ತಿರವೇ ಇವೆ. 19 ಬ್ಲಾಕಿನಿಂದ ಉಳಿದ ಚೂರುಗಳನ್ನು ಬಣ್ಣ ನೋಡಿ ಬೇರೆ ಮಾಡಿ ಕಟ್ಟಿಟ್ಟಿದ್ದೇನೆ. ಹಿರಿಯಕ್ಕನಿಗೆ ನೀಲಿ.